ಶಟರ್ ಎತ್ತಿದ್ದು ಯಾರು

ಜೂನ್ 3, ಮಂಗಳವಾರ, ಮಧ್ಯಾಹ್ನ

ನಾನಲ್ಲ. ಹಣ್ಣು ಮಾಡುವ ಪುಡಿ ಮುಟ್ಟಿಲ್ಲ. ತಳ್ಳುಬಂಡಿಯವರಿಗೆ ಒಂದು ಬಾಳೆಹಣ್ಣೂ ಮಾರಿಲ್ಲ. ಕಮಲಾಪುರದ ಕೆಂಪು ಬಾಳೆ ಕಾಯಿ ಇದ್ದಾಗಲೇ ಹೈದರಾಬಾದಿಗೆ ಹೋಗಬೇಕು. ನಮ್ಮ ಶಹಾಬಜಾರದ ಗೋದಾಮಿನಲ್ಲಿ ಎರಡೇ ದಿನಕ್ಕೆ ಹಣ್ಣಾಗುತ್ತಿದೆ. ನಾನೇ ಪುಡಿ ಹಾಕಿ ಹಣ್ಣು ಮಾಡಿ ಕದ್ದು ಮಾರುತ್ತೇನಂತೆ, ಅದಕ್ಕೆ ನಾನು ಕಳ್ಳ! ಸಾಹುಕಾರ ಅಣವೀರಪ್ಪ ಹಮಾಲರ ಎದುರಿಗೇ ನನ್ನ ಚೀಲ ಕೊಡವಿದ. ಬಿದ್ದ ಪುಡಿ ಒಂದೇ — ಶೇಂಗಾ ಹಿಂಡಿ. ರೊಟ್ಟಿಯೂ ಮಣ್ಣಾಯಿತು.

"ಈ ಸಲ ಬಚಾವಾದಿ, ಸುಧಾಕರ."

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ತಲೆ ಇಲ್ಲ ಅಂದುಕೊಂಡಿದ್ದಾನೆ. ಕಾರಣ ಹುಡುಕಿ ಮುಖಕ್ಕೆ ಹಿಡಿಯುತ್ತೇನೆ.

ಜೂನ್ 5, ಗುರುವಾರ

ನಮ್ಮ ಮಾಲು ತರುವ ಪರ್ವೇಜನ ಟೆಂಪೋ ಹತ್ತಿ ಕಮಲಾಪುರಕ್ಕೆ ಹೋದೆ. ದಾರಿಯಲ್ಲಿ ತಪ್ಪಿಲ್ಲ. ಗೊನೆಗಳಿಗೆ ಹೊದಿಸುವ ತಾಡಪತ್ರಿ ಗಟ್ಟಿ ಇದೆ, ಬಿಸಿಲು ತಾಗುವುದಿಲ್ಲ. ತೋಟದ ಪುತಳಾಬಾಯಿಯನ್ನು ಕೇಳಿದೆ. ನಕ್ಕಳು.

"ಹಬ್ಬಕ್ಕ ಲಗೂ ಹಣ್ಣ ಬೇಕಂದ್ರ ನಾವು ಹೊಗಿ ಹಾಕಿ ಮುಚ್ಚಿಡ್ತೀವಿ, ತಮ್ಮಾ. ನಿಮ್ಮಲ್ಲಿ ಯಾರು ಹಾಕ್ತಾರ?"

ಯಾರು! ಸಾಹುಕಾರನೇ. ದಿನಾ ಬೆಳಿಗ್ಗೆ ದೇವರಿಗೆ ಲೋಬಾನದ ಧೂಪ. ಬಜಾರಿನವರೆಲ್ಲ ಹಾಕುತ್ತಾರೆ, ಹೊಗೆ ಬೀದಿಗೆ ಹೋಗುತ್ತದೆ. ಇವನೊಬ್ಬನೇ — ಹೊಗೆ ಹೊರಗೆ ಹೋದರೆ ವ್ಯಾಪಾರದ ಬರಕತ್ತೂ ಹೋಗುತ್ತದಂತೆ — ಗೊನೆಗಳು ಒಳಗಿರುವಾಗಲೇ ಶಟರ್ ಎಳೆದುಬಿಡುತ್ತಾನೆ.

ಜೂನ್ 6

ಸಾಹುಕಾರನಿಗೆ ಹೇಳಿದೆ.

"ಹಲ್ಕಟ್, ನಿನ್ನ ಕಳುವು ದೇವರ ಮ್ಯಾಲ ಹಾಕ್ತಿ?"

"ಒಂದ್ ವಾರ ಶಟರ್ ತೆರದಿಟ್ಟು ನೋಡ್ರಲ್ಲ!"

ಪರ್ವೇಜ್ ನನ್ನ ಕಾಲು ತುಳಿದ. "ಚುಪ್ ಇರೋ, ನೌಕರಿ ಹೋಗ್ತದ." ಯಾಕೆ ಚುಪ್? ಹೋಗುತ್ತಿರುವುದು ನನ್ನ ಹೆಸರು.

ಸರಿ. ಸಾಹುಕಾರ ಲೋಬಾನ ಹಾಕಿ ನಾಷ್ಟಾಕ್ಕೆ ಹೋದ ಕೂಡಲೇ ಶಟರ್ ಎತ್ತುತ್ತೇನೆ. ಹಿಂದಿನ ಕಿಟಕಿಯನ್ನೂ ತೆರೆಯುತ್ತೇನೆ. ಹೊಗೆ ಹೋದ ಮೇಲೆ ಎಲ್ಲ ಮುಚ್ಚುತ್ತೇನೆ.

ಜೂನ್ 14, ಶನಿವಾರ, ಸಂಜೆ

ಮೂರು ಲೋಡು. ಒಂದು ಕಾಯಿಯೂ ಹಣ್ಣಾಗಿಲ್ಲ. ಹೈದರಾಬಾದಿನಿಂದ ಫೋನ್ — ಮಾಲು ಚೊಕ್ಕ ಬಂದಿದೆ ಎಂದು. ಸಾಹುಕಾರ ಎಲ್ಲರನ್ನೂ ಆಫೀಸಿಗೆ ಕರೆದ. ಚಹಾ ತರಿಸಿದ. ತಪ್ಪಾಯಿತು ಅನ್ನುತ್ತಾನೆ ಎಂದುಕೊಂಡೆ... ಹುಚ್ಚ ನಾನು. ಎಲ್ಲರೆದುರು ಬೆನ್ನು ತಟ್ಟಿದ.

"ನೋಡ್ರಿ, ಒಂದ್ಸಲ ಬೈದಿದ್ದಕ್ಕ ಹುಡುಗ ಪುಡಿ ಹಾಕೋದು ಬಿಟ್ಟಾನ. ದೇವರು ಬುದ್ಧಿ ಕೊಟ್ಟಾನ."

"ದಿನಾ ಶಟರ್ ಎತ್ತಿ ಹೊಗಿ ಬಿಟ್ಟಾಂವ ನಾನ್ರೀ!"

"ಹೌದೌದು. ಚಹಾ ಕುಡಿ, ಆರ್ತದ."

ಹಮಾಲರು ನಕ್ಕರು. ಪರ್ವೇಜ್ ನೆಲ ನೋಡಿದ.

ಕಪ್ಪನ್ನು ಅವನ ಮೇಜಿನ ಮೇಲೆ ಕುಕ್ಕಿ ಎದ್ದೆ.

"ಲೇ, ಎಲ್ಲಿಗಿ?"

ಬಾಗಿಲು ಎಷ್ಟು ಜೋರಾಗಿ ಬಡಿದೆನೆಂದರೆ ಶಟರ್ ಕೂಡ ಅದುರಿತು. ನಾಳೆಯಿಂದ ಅದನ್ನು ನಾನು ಎತ್ತುವುದಿಲ್ಲ.