ನರವಲ್ಲ, ಅವ್ವಾ

ಹಡೆದವ್ವಾ,

ಓದಲು ಬಾರದ ನಿನಗೆ ಬಂದ ಕಾಗದಗಳನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ಇದನ್ನೂ ಗಟ್ಟಿಯಾಗಿ ಓದುತ್ತಲೇ ಬರೆಯುತ್ತಿದ್ದೇನೆ. ಕೇಳು. ನಡುವೆ ಬಾಯಿ ಹಾಕಬೇಡ.

ಮುಂಬಯಿಯ ಕುರ್ಲಾದ ಈ ಚಾಳಿಗೆ ನಾವು ಬಂದ ಹೊಸದು ನೆನಪಿದೆಯಾ? ನೀನು ಕಾಲು ಮುಂದಾಗಿ ಹುಟ್ಟಿದವಳು, ಅಂಥವರು ಮುಟ್ಟಿದರೆ ಉಳುಕು ಹೋಗುತ್ತದೆ ಎಂದು ಗೊತ್ತಾಗಿದ್ದೇ ತಡ, ಸೊಂಟ ಉಳುಕಿದವರು, ಕುತ್ತಿಗೆ ಹಿಡಿದುಕೊಂಡವರು ಎಲ್ಲ ನಮ್ಮ ಖೋಲಿಯ ಮುಂದೆ! ಮೂಟೆ ಹೊರುವ ಹಮಾಲರೂ ನಿನ್ನ ಕಾಲ ಬಳಿ ಬೆನ್ನು ಕೊಟ್ಟು ಮಲಗುತ್ತಿದ್ದರು. "ನರಾ ಸರದೈತಿ, ತಿಕ್ಕಿದ್ರ ತನ್ನ ಜಾಗಾಕ್ಕ ಬರತೈತಿ" ಅನ್ನುತ್ತಿದ್ದೆ. ಅವರ ನೋವು ಹೋಗುತ್ತಿತ್ತು, ಅದಂತೂ ಸುಳ್ಳಲ್ಲ.

ನನ್ನ ಮಗಳು ರತ್ನಾ ಮೆಟ್ಟಿಲಿಂದ ಜಿಗಿದು ಬಿದ್ದಾಗ ಯುದ್ಧದ ಬ್ಲ್ಯಾಕೌಟಿನ ಕಪ್ಪು ಕಾಗದ ಇನ್ನೂ ಕಿಟಕಿಯಲ್ಲಿತ್ತು. ನಾನು ಸೀಮೆಎಣ್ಣೆಯ ಸಾಲಿನಿಂದ ಬರುವಷ್ಟರಲ್ಲಿ ಉಳುಕಿದ ಅವಳ ಕುತ್ತಿಗೆಗೆ ನೀನು ಹರಳೆಣ್ಣೆ ಹಚ್ಚಿ ತಿಕ್ಕಿ ಮುಗಿಸಿದ್ದೆ. ರಕ್ತವಿಲ್ಲ, ಬಾವಿಲ್ಲ. ಮರುದಿನ ಚಹಾದ ಕಪ್ಪು ಅವಳ ಬಲಗೈಯಿಂದ ಜಾರಿತು. ಬಾಯಿ ಸೊಟ್ಟಾಯಿತು. 'ಅವ್ವಾ' ಎನ್ನಲು ಹೋಗಿ ಬರೀ 'ವ್... ವ್...'. ಲಕ್ವಾ ಹೊಡೆಯುವುದು ಮುದುಕರಿಗಲ್ಲವೇ? ಹಾಲುಹಲ್ಲು ಪೂರಾ ಬೀಳದ ಕೂಸಿಗೆ...

ದವಾಖಾನೆಯಲ್ಲಿ ಡಾಕ್ಟರು "ಗಲೇ ಕೀ ನಸ್ ಫಟ್ ಗಯೀ" ಎಂದರು. ಕುತ್ತಿಗೆಯ ನಸ್ ಹರಿದಿದೆ ಅಂತ. ನಸ್ ಅಂದರೆ ನಮಗೆ ನರ. ನೀನು ತಿಕ್ಕಿದ್ದೂ ನರವನ್ನೇ. ಅಷ್ಟು ಸಾಕಾಯಿತು ಜನಕ್ಕೆ. ಪಕ್ಕದ ಖೋಲಿಯ ಶೇವಂತಾಬಾಯಿ, ನಿನ್ನಿಂದಲೇ ಸೊಂಟ ತಿಕ್ಕಿಸಿಕೊಂಡವಳು, ನಳದ ಹತ್ತಿರ ನಿಂತು "ಮುದುಕಿ ಕೂಸಿನ ನರಾ ಹರದ್ಲು" ಅಂದಳು. ಅವಳ ನಾಲಿಗೆಗೆ ಹುಳ ಬೀಳಲಿ! ಅಂದಿನಿಂದ ನೀನು ಯಾರ ಮೈಯನ್ನೂ ಮುಟ್ಟಲಿಲ್ಲ, ರತ್ನಾಳ ತಲೆ ಬಾಚುವುದನ್ನೂ ಬಿಟ್ಟೆ. "ನೀ ಅಲ್ಲ ಬೇ" ಎಂದು ನಾನೆಷ್ಟು ಹೇಳಿದರೂ "ನಿನಗೇನ್ ಗೊತ್ತ?" ಅನ್ನುತ್ತಿದ್ದೆ. ಮಳೆಗಾಲದಲ್ಲಿ ಅನ್ನವನ್ನೂ ಬಿಟ್ಟು ಹೋಗೇಬಿಟ್ಟೆ. ಅದಕ್ಕೆ ನಿನ್ನ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ.

ನೀನು ಹೋದ ಮೇಲೆ ದವಾಖಾನೆಗೆ ಧಾರವಾಡದ ಕಡೆಯ ಡಾಕ್ಟರಮ್ಮ ಬಂದರು. ನಮ್ಮ ಮಾತಿನಲ್ಲೇ ಬಿಡಿಸಿ ಹೇಳಿದರು. "ಅದು ನರಾ ಅಲ್ಲವಾ, ಮಿದುಳಿಗೆ ರಕ್ತ ಒಯ್ಯೂ ನಾಳ. ಕುತಿಗಿ ಜಗ್ಗಿದಾಗ ಅದರ ಒಳಗಿನ ಪದರ ಹರೀತದ. ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಹೋಗಿ ಮಿದುಳಿನ ದಾರಿ ಮುಚ್ಚತದ. ಸಣ್ಣ ಮಕ್ಕಳಿಗೂ ಆಗತದ."

"ನಮ್ಮವ್ವ ತಿಕ್ಕಿದ್ದಕ್ಕ ಆತೇನ್ರೀ?" ಎಂದೆ.

"ಬಿದ್ದಾಗನ ಹರದಿರಬಹುದು, ತಿಕ್ಕಿದಾಗ ಹರದಿರಬಹುದು. ತಿಕ್ಕೂಕಿಂತ ಮೊದಲ ಕೈಗೆ ಏನರ ಆಗಿತ್ತೇನು ಅಂತ ಹುಡುಗೀನ ಹೇಳಬೇಕು."

ಹುಡುಗಿಗೆ ಮಾತೇ ಇಲ್ಲವಲ್ಲ ಅವ್ವಾ! ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಮಾತು ಈಗೀಗ ಬರುತ್ತಿದೆ, ಒಂದೊಂದೇ. ಬಲಗೈ ಬರಲಿಲ್ಲ, ಇನ್ನು ಬರುವುದೂ ಇಲ್ಲವಂತೆ. ಎಡಗೈಯಲ್ಲಿ ಉಣ್ಣುತ್ತಾಳೆ, ನೋಡಿದವರು ಮೂಗು ಮುರಿಯುತ್ತಾರೆ. ಮೊನ್ನೆ ಜಡೆ ಹಾಕುತ್ತ ಕೇಳಿದೆ, "ಅವತ್ತ ಬಿದ್ದ ಮ್ಯಾಲೆ ಏನಾತು?"

"ಹಾಥ್... ಜುಮ್ ಜುಮ್ ಆತು. ಚಪ್ಪಲಿ ಹಿಡೀಲಿಕ್ಕೆ... ಬರಲಿಲ್ಲ. ಆಮ್ಯಾಲೆ ಠೀಕ್ ಆತು. ಆಮ್ಯಾಲೆ... ಅಜ್ಜಿ ಕಡೆ ಹ್ವಾದೆ."

"ಅಜ್ಜಿ ತಿಕ್ಕೂಕಿಂತ ಮೊದಲೇನ?"

"ಮೊದಲ. ಅಜ್ಜಿಗೆ ಹೇಳಲಿಲ್ಲ... ಬೈತಾಳಂತ."

ಬೈಯುತ್ತಿದ್ದೆಯೇನೇ ಅವ್ವಾ? ನೀನೆಲ್ಲಿ ಬೈಯುತ್ತಿದ್ದೆ...

ಡಾಕ್ಟರಮ್ಮನಿಗೆ ಓಡಿಹೋಗಿ ಹೇಳಿದೆ. ಅವರು "ಹಂಗಾದ್ರ ಬಿದ್ದಾಗನ ಹರದದ. ತಿಕ್ಕಿದ್ದು ಒಳ್ಳೇದಲ್ಲ, ಕುತಿಗಿ ಯಾರೂ ತಿಕ್ಕಬಾರದು. ಆದ್ರ ಹರದವರು ನಿಮ್ಮವ್ವ ಅಲ್ಲ" ಅಂದರು.

ಕೇಳಿತೇನು? ನೀನಲ್ಲ. ಇನ್ನೊಂದಿಷ್ಟು ದಿನ ಎರಡು ತುತ್ತು ಉಂಡಿದ್ದರೆ ಇದನ್ನು ನಿನ್ನ ಮೊಮ್ಮಗಳ ಬಾಯಿಂದಲೇ ಕೇಳುತ್ತಿದ್ದೆಯಲ್ಲ! ನಾಳೆ ಬೆಳಿಗ್ಗೆ ನೀರು ಬಂದಾಗ ರತ್ನಾಳನ್ನು ನಳದ ಹತ್ತಿರ ನಿಲ್ಲಿಸಿ ಹೇಳಿಸುತ್ತೇನೆ. ಒಂದೊಂದು ಮಾತಿಗೆ ಅವಳಿಗೆ ಎಷ್ಟು ಹೊತ್ತಾದರೂ ಆಗಲಿ, ಚಾಳಿನವರೆಲ್ಲ ಕೊಡ ಇಳಿಸಿ ನಿಂತು ಕೇಳಲಿ.