ಅವ್ವನ ಪಾಲಿನ ಪ್ಲೇಟು

ಜೂನ್ 9, ಬೆಳಿಗ್ಗೆ

ಮತ್ತೆ ಫ್ಲಾಸ್ಕಿನಲ್ಲಿ ಚಹಾ, ಮತ್ತೆ ಆಸ್ಪತ್ರೆ. ಬಸ್ಸಿಳಿಯುವಾಗ ಬಿದ್ದು ಕಣಕಾಲು ಮುರಿದುಕೊಂಡ ಅವ್ವ, ನಾನಿಲ್ಲದಾಗ ಪ್ರಯೋಗಕ್ಕೆ ಸಹಿ ಹಾಕಿಬಿಟ್ಟಿದ್ದಾಳೆ! ಮುರಿದ ಎಲುಬಿಗೆ ಬಿಗಿಯುವ ಹೊಸ ಪ್ಲೇಟಂತೆ. ಎಲುಬು ಕೂಡಿದ ಮೇಲೆ ಮೈಯೊಳಗೇ ಕರಗುತ್ತದಂತೆ. ಎಲುಬು ಬೆಳೆಸುವ ಪ್ರೋಟೀನನ್ನು ಅದಕ್ಕೇ ಅಂಟಿಸಿರುತ್ತಾರಂತೆ — ರಕ್ತದಲ್ಲಿ ತೊಳೆದುಹೋಗದೆ ಮುರಿದಲ್ಲೇ ಕೆಲಸ ಮಾಡಲಿ ಎಂದು.

ಇಲ್ಲಿಯ ಎಸ್ಪ್ಲನೇಡ್ ಚೌಕದಲ್ಲಿ ಕೊಂಡ ಕರಪತ್ರ ತೆಗೆದು ಗಟ್ಟಿಯಾಗಿ ಓದಿದೆ: ನಮ್ಮ ದೇಹ ಕಂಪನಿಗಳ ಪ್ರಯೋಗಶಾಲೆಯಲ್ಲ.

"ಹಿಂದಕ ಮುಂಗೈಗೆ ಸ್ಟೀಲ್ ಹಾಕಿದ್ರು. ಅದನ್ನ ತೆಗ್ಯಾಕ ಮತ್ತ ಕೊಯ್ದ್ರು. ಆವಾಗ ನಿನ್ನ ಕರಪತ್ರ ಎಲ್ಲಿತ್ತೋ ಅಭಯಾ?" ಎಂದಳು ಅವ್ವ.

ಪಕ್ಕದ ಹಾಸಿಗೆಯ ಬಂಗಾಳಿ ಬಸುದಾ (ಇಲ್ಲಿ ಅಣ್ಣನಿಗೆ 'ದಾ' ಅನ್ನುತ್ತಾರೆ) ನಕ್ಕ. ಅವನದೂ ಕಣಕಾಲು, ಅವನೂ ಸಹಿ ಹಾಕಿದವನೇ. ಇಬ್ಬರಿಗೂ ಬುದ್ಧಿಯಿಲ್ಲ.

ಜೂನ್ 10

ಮೋಸ! ಅರ್ಧ ಜನರಿಗೆ ಹಾಕುವುದು ಬರೀ ಪ್ಲೇಟು. ಪ್ರೋಟೀನ್ ಇಲ್ಲ. ಯಾರಿಗೆ ಯಾವುದು — ಕಂಪ್ಯೂಟರ್ ಲಾಟರಿ ಎತ್ತುತ್ತದೆ. ಡಾಕ್ಟರಿಗೂ ಗೊತ್ತಿರುವುದಿಲ್ಲ. ಅವ್ವನಿಗೆ ಇದನ್ನೆಲ್ಲ ಹೇಳಿಯೇ ಸಹಿ ತೆಗೆದುಕೊಂಡಿದ್ದಾರಂತೆ.

ಪ್ರಯೋಗ ನಡೆಸುವ ಡಾ. ಅಪರ್ಣಾ ಕೋಣೆಗೆ ನುಗ್ಗಿದೆ. "ನನ್ನ ತಾಯಿಗೆ ಪ್ರೋಟೀನ್ ಇರೋದನ್ನೇ ಹಾಕಿ!"

"ನಿನ್ನೆ ಪ್ರಯೋಗವೇ ಬೇಡ ಅಂದ್ರಿ," ಎಂದರು ಹಿಂದಿಯಲ್ಲಿ, ಶಾಂತವಾಗಿ. "ಇವತ್ತು ಆರಿಸ್ತೀರಾ? ಬರೀ ಪ್ಲೇಟನ್ನ ಯಾರಿಗೆ ಹಾಕ್ಲಿ, ಬಸು ಬಾಬುಗಾ?"

ಹೂಂ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಆ ಶಾಂತ ಮುಖ ಕಂಡರೆ ಮೈ ಉರಿಯುತ್ತದೆ.

ಸೆಪ್ಟೆಂಬರ್ 15

ತಪಾಸಣೆ. ಬಸುದಾ ಊರುಗೋಲಿಲ್ಲದೆ ನಡೆದುಬಂದ. ಅವನ ಎಕ್ಸ್‌ರೇಯಲ್ಲಿ ಬಿರುಕೇ ಇಲ್ಲ. ಅವ್ವನದರಲ್ಲಿ ಕಪ್ಪು ಗೆರೆ ಹಾಗೇ ಇದೆ. ಇನ್ನೇನು ಬೇಕು ಸಾಕ್ಷಿ? ಕಾರಿಡಾರಿನಲ್ಲೇ ಕೂಗಿದೆ — "ನನ್ನ ತಾಯಿಯ ಪಾಲು ನಿನ್ನ ಕಾಲೊಳಗಿದೆ!"

ಬಸುದಾ ತನ್ನ ಕಾಲನ್ನೇ ನೋಡಿಕೊಂಡ, ಕದ್ದ ಮಾಲಿನ ಹಾಗೆ. ಅವ್ವನಿಗೆ ಕೈಮುಗಿದ.

ಮನೆ ತಲುಪುವವರೆಗೂ ಅವ್ವ ಟ್ಯಾಕ್ಸಿಯ ಕಿಟಕಿಗೇ ಮುಖ ತಿರುಗಿಸಿ ಕೂತಳು.

ಅಕ್ಟೋಬರ್ 19, ಭಾನುವಾರ

ಅವ್ವನನ್ನು ನೋಡಲು ಬಸುದಾ ಇವತ್ತೂ ಬಂದ. ಡಮ್ ಡಮ್‌ನಿಂದ ಬಾಲಿಗಂಜ್‌ನ ನಮ್ಮ ಮನೆವರೆಗೆ, ಸಂದೇಶ್ ಮಿಠಾಯಿಯ ಡಬ್ಬಿ ಹಿಡಿದು. ಮತ್ತೆ ಊರುಗೋಲು ಬೇರೆ. ನೆಟ್ಟಗೆ ನಡೆಯುವವನಿಗೆ ಏನಿದು ನಾಟಕ!

"ನಿನ್ನ ಕಣ್ಣಿಗೆ ಅಂಜಿ ಹಿಡ್ಯಾಕತ್ತಾನ," ಎಂದಳು ಅವ್ವ.

ಸಂದೇಶ್ ಮುಟ್ಟಲಿಲ್ಲ ನಾನು.

ನವೆಂಬರ್ 17

ಎಲುಬು ಕೂಡಲೇ ಇಲ್ಲ. ಮತ್ತೆ ಆಪರೇಷನ್. ಅದಕ್ಕಾಗಿ ಅವ್ವನ ಲಾಟರಿಯ ಗುಟ್ಟನ್ನಷ್ಟೇ ಬಿಚ್ಚಿದರು.

ಪ್ರೋಟೀನ್ ಇತ್ತು. ಅವ್ವನ ಪ್ಲೇಟಿನಲ್ಲೇ ಇತ್ತು.

"ಒಬ್ಬರ ಕಾಲಿನಿಂದ ಏನೂ ಗೊತ್ತಾಗಲ್ಲ. ಅದಕ್ಕೇ ನೂರಾರು ಜನ ಬೇಕು," ಎಂದರು ಡಾಕ್ಟರ್. ಈ ಸಲ ದನಿ ಶಾಂತವಾಗಿರಲಿಲ್ಲ. ಬೈಯಲು ಬಾಯಿ ತೆರೆದೆ...

"ಈಗ ಯಾರನ್ನ ಬೈತಿ?" ಎಂದಳು ಅವ್ವ. "ಮತ್ತ ಕೊಯ್ಸ್‌ಕೊಳ್ಳಾಕಿ ನಾನು. ನೀ ಮದಲ ಡಮ್ ಡಮ್‌ಗೆ ಹೋಗು."

ನವೆಂಬರ್ 18, ಸಂಜೆ, ಮೆಟ್ರೋ

ಚೀಲದಲ್ಲಿ ಬಸುದಾನ ಡಬ್ಬಿ. ಅದರ ತುಂಬ ಶೇಂಗಾ ಉಂಡಿ, ಅವ್ವ ಕೂತಲ್ಲೇ ಕಟ್ಟಿದ್ದು. ಸಿಟ್ಟು ಇಳಿದಿಲ್ಲ. ಹಾಕಲು ಜಾಗ ಸಿಗುತ್ತಿಲ್ಲ ಅಷ್ಟೇ. ಹೇಳಬೇಕಾದ್ದನ್ನು ಕರಪತ್ರದ ಹಿಂದೆ ಬರೆದೆ, ಹೊಡೆದುಹಾಕಿದೆ.

ಡಮ್ ಡಮ್. ಫೋನ್ ಮಾಡಿದ್ದಕ್ಕೆ ಸ್ಟೇಷನ್ನಿಗೇ ಬಂದಿದ್ದಾನೆ. ಗೇಟಿನಾಚೆ ಕಾಣುತ್ತಿದ್ದಾನೆ. ಕೈಯಲ್ಲಿ ಆ ಊರುಗೋಲು. ಬಸುದಾ, ಬಿಸಾಡು ಅದನ್ನು, ಆ ಕಾಲು ನಿನ್ನದೇ, ನಾನು...