ಅತ್ತಿಗೆ ಬರೆದ ಷರಾ

ಭಾನುವಾರ, ಅಕ್ಟೋಬರ್ ೬

ಪ್ರೀತಿಯ ಅತ್ತಿಗೆ,

ನಿಮ್ಮ ಗಡಿಬಿಡಿ ಲಾಯರ್ ಮಾಡುವ ನಮಸ್ಕಾರ. ಫೋನಿನಲ್ಲೇ ಹೇಳೋಣವೆಂದು ಮೂರು ಸಲ ನಂಬರ್ ಒತ್ತಿ, ನೀವು ಎತ್ತುವ ಮೊದಲೇ ಇಟ್ಟುಬಿಟ್ಟೆ. ಕೋರ್ಟಿನಲ್ಲಿ ಗಂಟೆಗಟ್ಟಲೆ ವಾದಿಸುವ ಬಾಯಿ ನಿಮ್ಮ ಮುಂದೆ ಕಟ್ಟಿಹೋಗುತ್ತದೆ. ಅದಕ್ಕೇ ಈ ಕಾಗದ.

ನಿನ್ನೆ ಅಣ್ಣ ಆಫೀಸಿಗೆ ಬಂದಿದ್ದ. ನೀವು ಮರೆವಿಗೆಂದು ಡಾಕ್ಟರ ಹತ್ತಿರ ಹೋಗಿದ್ದಿರಂತೆ. ಸ್ಟವ್ ಆರಿಸಿದೆನೋ ಇಲ್ಲವೋ ಎಂದು ನಾಲ್ಕು ಸಲ ಎದ್ದು ನೋಡುತ್ತೀರಂತೆ, ಫ್ರಿಜ್ಜಿನ ಬಾಗಿಲ ತುಂಬ ಚೀಟಿ ಅಂಟಿಸಿದ್ದೀರಂತೆ. ಮೊಮ್ಮಗಳನ್ನು ಶಾಲೆಯಿಂದ ಕರೆತರುವುದನ್ನೂ ಬಿಟ್ಟು, "ಮಗೂನ ಎಲ್ಲಾದ್ರೂ ಮರೆತು ಬಂದ್ರೆ ಏನ್ ಗತಿ" ಅಂದಿರಂತೆ. ಡಾಕ್ಟರು ಏನೂ ಇಲ್ಲ ಎಂದರೂ ನೀವು ನಂಬುತ್ತಿಲ್ಲವೆಂದು ಅವನು ಹೇಳುವಾಗ, ನಾನು ಫೈಲಿನ ದಾರ ಬಿಚ್ಚುತ್ತ ಕಟ್ಟುತ್ತ ಕೂತಿದ್ದೆ. ಅತ್ತಿಗೆ, ನಿಮಗೆ ಮರೆವಿಲ್ಲ. ಟೈಲರಮ್ಮನ ವಿಷಯದಲ್ಲಿ ನೀವು ಏನನ್ನೂ ಮರೆತಿರಲಿಲ್ಲ. ತಪ್ಪು ನನ್ನದು.

ಇಪ್ಪತ್ತೆರಡು ವರ್ಷ ನನ್ನ ಆಫೀಸಿನ ಮುಂದಿನ ಮೇಜು ನಿಮ್ಮದಾಗಿತ್ತು. ಹಳೆಯ ಕಂಪ್ಯೂಟರಿನಲ್ಲಿ ಪ್ರತಿ ಕಕ್ಷಿದಾರರ ಹೆಸರಿನ ಕೆಳಗೂ ಷರಾ ಅಂತ ಒಂದು ಕಾಲಂ ಇತ್ತಲ್ಲ, ಬೇರೆಯವರಾದರೆ ಖಾಲಿ ಬಿಡುತ್ತಿದ್ದರು. ನೀವು ಬಿಡುವವರೇ? ಎಡಗಿವಿ ಕೇಳಿಸದು, ಬಲಗಡೆ ಕೂರಿಸಿ. ಎರಡನೇ ಮಗನ ಸುದ್ದಿ ಎತ್ತಬೇಡಿ. ಮೆಟ್ಟಿಲು ಹತ್ತಲಾರರು, ನಾವೇ ಕೆಳಗಿಳಿದು ಸಹಿ ಹಾಕಿಸಬೇಕು. ಇದೆಲ್ಲ ಬರೀ ಹರಟೆ ಎಂದು ನಾನು ರೇಗಿಸುತ್ತಿದ್ದೆ. ಜನ ನನ್ನ ವಾದಕ್ಕಿಂತ ನಿಮ್ಮ ಹರಟೆಯನ್ನೇ ನಂಬಿ ಬರುತ್ತಿದ್ದರೆಂದು ಈಗ ಗೊತ್ತಾಗಿದೆ.

ಹೊಸ ಕಂಪ್ಯೂಟರ್ ವ್ಯವಸ್ಥೆ ಹಾಕಿಕೊಡಲು ಹೊರಗಿನ ಕಂಪನಿಯಿಂದ ಕನ್ನಡಕದವರು ಬಂದಿದ್ದರಲ್ಲ, ಟೀ ಆರಿ ತಣ್ಣಗಾದ ಮೇಲೇ ಕುಡಿಯುತ್ತಿದ್ದವರು? ನೋಡಿ, ನಿಮಗೆ ನೆನಪಿದೆ. ಆಗ ಒಂದು ಶುಕ್ರವಾರ ಸಂಜೆ ಅವರು ನನ್ನ ಕೋಣೆಗೆ ಬಂದು, ಷರಾಗಳು ತಾವಾಗಿ ಹೊಸದಕ್ಕೆ ಬರುತ್ತಿಲ್ಲ, ಒಂದೊಂದನ್ನೂ ಕೈಯಿಂದಲೇ ಸೇರಿಸಬೇಕು, ಇನ್ನೂ ನಾಲ್ಕು ದಿನ ಬೇಕು ಎಂದರು. ಸೋಮವಾರ ಶುರುವಾಗಲೇಬೇಕೆಂದು ನನ್ನ ಹಟ. ಕಳೆದ ಎರಡು ವರ್ಷದ್ದು ಸಾಕು, ಹಳೆಯದನ್ನು ಬಿಡಿ ಎಂದೆ. ಮುಂದಿನ ಮೇಜಿನ ಅಮ್ಮನವರನ್ನು ಒಂದು ಮಾತು ಕೇಳೋಣವೇ ಎಂದು ಪಾಪ, ಅವರೇ ಕೇಳಿದರು. ಕೇಳಿದರೆ ಅವರು ಒಂದನ್ನೂ ಬಿಡಗೊಡುವುದಿಲ್ಲ ಎಂದು ನಕ್ಕುಬಿಟ್ಟೆ. ಸೋಮವಾರ ನೀವು ಒಂದೆರಡು ಪುಟ ತೆಗೆದು, ಷರಾ ಎಲ್ಲ ಬಂದಿದೆ ಎಂದು ಹಿಗ್ಗಿದಿರಿ. ಇನ್ನು ಯಾವುದನ್ನೂ ತಲೆಯಲ್ಲಿ ಹೊರಬೇಡಿ, ಎಲ್ಲ ಅದೇ ನೋಡಿಕೊಳ್ಳುತ್ತದೆ ಎಂದವಳೂ ನಾನೇ.

ಟೈಲರಮ್ಮ ಮೊದಲ ಸಲ ಬಂದದ್ದು ಮೂರು ವರ್ಷದ ಹಿಂದೆ, ಗಂಡನಿಗೆ ತಿಳಿಯದ ಹಾಗೆ. ಧೈರ್ಯ ಮಾಡಿ ಮತ್ತೆ ಬರಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ವಿಚ್ಛೇದನದ ಅರ್ಜಿ ಸಿದ್ಧವಾಗಿದೆಯೆಂದು ತಿಳಿಸಲು ನೀವು ಅವರ ಪುಟ ತೆಗೆದಿರಿ. ಷರಾ ಖಾಲಿ ಇತ್ತು. ಅಲ್ಲಿದ್ದ ನಂಬರಿಗೆ ಸಂದೇಶ ಕಳಿಸಿದಿರಿ, ಅದನ್ನು ಗಂಡ ಓದಿದ. ಮರುದಿನ ಆಕೆ ಬಂದಾಗ ಅಳತೆ ಟೇಪು ಇನ್ನೂ ಕತ್ತಿನಲ್ಲೇ ಇತ್ತು. ಅಂಗಡಿಗೆ ಅವನು ತನ್ನ ಬೀಗ ಜಡಿದಿದ್ದ. ಅರ್ಜಿ ಬೇಡ ಎಂದಷ್ಟೇ ಹೇಳಿ ಹೋದರು.

"ನಾನೇ ಬರೆಯೋಕೆ ಮರೆತಿದೀನಿ ಕಣೇ, ನನ್ನ ತಲೆ ಹೋಯ್ತು" ಎಂದು ನೀವು ಆ ಖಾಲಿ ಷರಾ ನೋಡುತ್ತ ಕೂತಿರಿ. ಹೋಗಲಿ ಬಿಡಿ ಅತ್ತಿಗೆ, ವಯಸ್ಸಾದ ಮೇಲೆ ಎಲ್ಲರಿಗೂ ಆಗುತ್ತದೆ ಎಂದೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸುವವಳ ಹಾಗೆ. ಆ ಮಾತು ನೆನೆದರೆ ನನಗೇ ಹೇಸಿಗೆಯಾಗುತ್ತದೆ. ಮೂರು ವಾರಕ್ಕೆ ನೀವು ಆಫೀಸಿನ ಕೀಲಿ ಒಪ್ಪಿಸಿ ಹೋದಿರಿ.

ಹೋದ ವಾರ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಆನ್ ಮಾಡಿದೆ. ಟೈಲರಮ್ಮನ ಪುಟದಲ್ಲಿ ನಿಮ್ಮ ಷರಾ ಹಾಗೇ ಇದೆ: "ಈ ನಂಬರಿಗೆ ಫೋನ್, ಸಂದೇಶ ಯಾವುದೂ ಬೇಡ. ಗಂಡ ನೋಡುತ್ತಾನೆ. ಅಂಗಡಿಗೇ ಹೋಗಿ ತಿಳಿಸುವುದು, ಹನ್ನೊಂದರ ಮೇಲೆ." ಕೆಳಗೆ ತಾರೀಖೂ ಇದೆ. ಅದರ ಪ್ರಿಂಟ್ ಈ ಕಾಗದದ ಜೊತೆ ಇಟ್ಟಿದ್ದೇನೆ. ಫ್ರಿಜ್ಜಿನ ಮೇಲಿನ ಚೀಟಿಗಳನ್ನೆಲ್ಲ ಕಿತ್ತು ಇದೊಂದನ್ನು ಅಂಟಿಸಿ.

ಟೈಲರಮ್ಮನನ್ನೂ ಹುಡುಕಿಕೊಂಡು ಹೋಗಿದ್ದೆ. ಈಗ ಬೇರೆಯವರ ಅಂಗಡಿಯ ಮೂಲೆಯಲ್ಲಿ ಗುಂಡಿ ಹೊಲಿಯುತ್ತಾರೆ. ತಪ್ಪು ನನ್ನದೆಂದು ಹೇಳಿದೆ. ಬೇಕೆಂದಾಗ ಅರ್ಜಿ ಹಾಕೋಣ ಎಂದಾಗ ಸೂಜಿಗೆ ಇನ್ನೊಂದು ದಾರ ಪೋಣಿಸಿದರು. ಮುಂದಿನ ಮೇಜಿನ ಅಮ್ಮ ಹೇಗಿದ್ದಾರೆ ಎಂದು ಮಾತ್ರ ಕೇಳಿದರು.

ವಾಪಸು ಬನ್ನಿ ಎನ್ನುವ ಮುಖ ನನಗಿಲ್ಲ. ಇನ್ನು ಮೇಲೆ ಮೊಮ್ಮಗಳನ್ನು ಶಾಲೆಯಿಂದ ನೀವೇ ಕರೆದುಕೊಂಡು ಬನ್ನಿ, ಅಷ್ಟು ಸಾಕು.

ಇಂತಿ,
ನಿಮ್ಮ ನಾದಿನಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಹೋದ ವಾರ ಎಂದು ಬರೆದದ್ದು ಸುಳ್ಳು. ನೀವು ಕೀಲಿ ಒಪ್ಪಿಸಿದ ದಿನವೇ ಆ ಷರಾ ಓದಿದ್ದೆ. ನೀವು ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದಿರಿ, ನಾನು ಸ್ಟೋರ್ ರೂಮಿನಲ್ಲಿ ಹಳೆಯ ಕಂಪ್ಯೂಟರಿನ ಮುಂದಿದ್ದೆ. ಬಾಗಿಲಿಗೆ ಬಂದು "ಹೊರಟೆ ಕಣೇ" ಅಂದಿರಿ. ನಿಮಗೆ ಕಾಣದಿರಲೆಂದು ಪರದೆ ಆರಿಸಿ, ಹೋಗಿ ಬನ್ನಿ ಎಂದೆ. ಅದಾಗಿ ಏಳು ತಿಂಗಳಾಯಿತು.